ಯಾರಿಗೂ ಗೊತ್ತಾಗದ ಉಪವಾಸ

ಸಿಂದಗಿಯ ದರ್ಜಿ ಸಮಾಧಾನಪ್ಪನ ಬಾಯಿ ಅವನ ಕತ್ತರಿಗಿಂತ ಚುರುಕು. ಕತ್ತರಿಯಾದರೂ ಅಳತೆ ನೋಡಿ ಓಡುತ್ತಿತ್ತು, ಬಾಯಿಗೆ ಅಳತೆಯೇ ಇರಲಿಲ್ಲ. ಹೊಸ ವರ್ಷದ ಆರಾಧನೆಯಲ್ಲಿ ಆ ಬಾಯಿಯೇ ಅವನನ್ನು ಹೊಂಡಕ್ಕೆ ಕೆಡವಿತು.

ಪಾಸ್ಟರ್ ಜಯಶೀಲರು ಆಗಷ್ಟೇ ದೊಡ್ಡ ಊರಿನಲ್ಲಿ ತರಬೇತಿ ಮುಗಿಸಿ ಬಂದಿದ್ದರು. "ಗುರಿ ಇಲ್ಲದ ವಿಶ್ವಾಸಿ ಬ್ರೇಕ್ ಇಲ್ಲದ ಟಂಟಂ ಇದ್ದಂಗ. ಎಲ್ಲಾರೂ ಎದ್ದು ನಿಂತು ಈ ವರ್ಷದ ಆತ್ಮಿಕ ಗುರಿ ಹೇಳ್ರಿ. ಸಭಾದ ಹಿರಿಯರ ಜಾಗ ಖಾಲಿ ಐತಿ. ಯಾರು ಮೊದಲು ಗುರಿ ಮುಟ್ತಾರೋ ಅವರs ಹಿರಿಯರು" ಎಂದರು.

ಒಬ್ಬರು ವರ್ಷದೊಳಗೆ ಇಡೀ ಬೈಬಲ್ ಓದುತ್ತೇನೆಂದರು. ಇನ್ನೊಬ್ಬರು ಇಂಡಿ ತಾಲೂಕಿನ ತನಕ ಹಳ್ಳಿಹಳ್ಳಿಗೆ ಸುವಾರ್ತೆ ಒಯ್ಯುತ್ತೇನೆಂದರು. ಸಮಾಧಾನಪ್ಪ ಆ ಹಿರಿಯರ ಕುರ್ಚಿಯನ್ನು ಏಳೆಂಟು ವರ್ಷಗಳಿಂದ ಹಸಿದ ಬೆಕ್ಕು ಹಾಲಿನ ನೆಲುವು ನೋಡಿದಂತೆ ನೋಡುತ್ತಿದ್ದವನು. ವರ್ಷವಿಡೀ ಕಾಯುವ ಗುರಿ ಅವನಿಗೆ ಬೇಕಿರಲಿಲ್ಲ. ಎದ್ದು ಗುಡುಗಿದ: "ಬರೋ ಗುರುವಾರ ಅಗುಳು ಅನ್ನ ಮುಟ್ಟದs ಉಪವಾಸ ಮಾಡ್ತೇನ್ರಿ!"

"ಭೇಷ್! ಆದ್ರ ಸಭಾದ ಹೊರಗ ಒಂದು ನರಪಿಳ್ಳಿಗೂ ಗೊತ್ತಾಗಬಾರದು. ಮಂದಿಗೆ ತೋರಿಸಿ ಮಾಡಿದ್ದು ಉಪವಾಸ ಅಲ್ಲ, ನಾಟಕ. ಗುರುವಾರ ಸಂಜೀ ಪ್ರಾರ್ಥನಾದಾಗ ಬಂದು ಸಾಕ್ಷಿ ಹೇಳ್ರಿ" ಎಂದರು ಪಾಸ್ಟರು.

ಆ ಗುರುವಾರವೇ ಎಳ್ಳಮವಾಸ್ಯೆ ಎಂಬುದು ಅವನಿಗೆ ಹೊಳೆದದ್ದು ಗುರುವಾರ ಬೆಳಿಗ್ಗೆ, ಪಕ್ಕದ ಮನೆಯ ಗುರುಲಿಂಗಪ್ಪನ ಟ್ರ್ಯಾಕ್ಟರ್ ಬಾಗಿಲಿಗೆ ಬಂದು ನಿಂತಾಗ. ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ಕರೆದವರ ಹೊಲಕ್ಕೆ ಹೋಗದಿದ್ದರೆ ವರ್ಷವಿಡೀ ಮಾತು ಬಂದ್.

"ಹತ್ರಿ ಸಮಾಧಾನಣ್ಣ!" ಗುರುಲಿಂಗಪ್ಪನ ಹೆಂಡತಿ ಕಸ್ತೂರೆವ್ವ ಬುಟ್ಟಿಗಳ ನಡುವಿನಿಂದ ಕೂಗಿದಳು.

"ಇವತ್ತ ಬ್ಯಾಡ್ರಿ ವೈನಿ. ಹೊಲಿಗಿ ಕೆಲಸ ಭಾಳ ಐತಿ."

"ಊರಾಗ ನಾಯಿನೂ ಇಲ್ಲ, ಯಾರ ಅಂಗಿ ಹೊಲೀತೀರಿ? ಹೇಳಿಬಿಡ್ರಿ, ನಮ್ಮ ಮನಿ ಅನ್ನ ನಿಮಗ ಮೈಲಿಗಿ ಆತೇನು?"

ಟ್ರ್ಯಾಕ್ಟರಿನಲ್ಲಿ ಕೂತಿದ್ದ ನೆರೆಮನೆಯ ಹಜರಾಬಿ ಅವನ ಮುಖ ದಿಟ್ಟಿಸಿದಳು. "ಹೊಟ್ಟಿ ಕೆಟ್ಟೈತೇಳ್. ಅಜವಾನ ಕೊಡ್ಲೇನೋ ತಮ್ಮಾ?"

"ಹೊಟ್ಟಿಗೇನಾಗಿಲ್ಲ ಆಪಾ."

"ಹಂಗಾದ್ರ ಹತ್ತು!"

ಸಮಾಧಾನಪ್ಪ ಸಂತೆಗೆ ಹೊರಟ ಕುರಿಯಂತೆ ಹತ್ತಿದ.

ಹೊಲದಲ್ಲಿ ಆಳೆತ್ತರದ ಜೋಳ. ಗುರುಲಿಂಗಪ್ಪ ಬನ್ನಿ ಗಿಡದ ಬುಡದಲ್ಲಿ ಪೂಜೆ ಮುಗಿಸಿ, ಭೂಮಿತಾಯಿಗೆಂದು ಹೊಲದ ತುಂಬ ಅನ್ನ ಎರಚಿ ಚರಗ ಚೆಲ್ಲಿ ಬಂದ. ಆಮೇಲೆ ಗಂಗಾಳಗಳು ಬಂದವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆ ಒಸರುವ ಬದನೆಕಾಯಿ, ಭಜ್ಜಿ, ಅನ್ನ, ಶೇಂಗಾ ಹೋಳಿಗೆ. ಸಮಾಧಾನಪ್ಪನ ಹೊಟ್ಟೆ ಹಳೇ ಹೊಲಿಗೆ ಯಂತ್ರದಂತೆ ಗರಗರ ಎಂದಿತು.

"ನಾ ಅಲ್ಲಿ ಬದುವಿನ ಮ್ಯಾಲೆ ಕುಂತು ಉಣ್ತೇನ್ರಿ ವೈನಿ, ತಂಪೈತಿ" ಎಂದು ಗಂಗಾಳ ಎತ್ತಿಕೊಂಡು ಹೋದವನೇ, ಅತ್ತಿತ್ತ ನೋಡಿ, ರೊಟ್ಟಿ ಮುರಿದು ಅನ್ನದ ಜೊತೆ ಜೋಳದೊಳಗೆ ಬೀಸಿ ಒಗೆದ. ಒಂದೇ ಕಡೆ ಬಿದ್ದರೆ ಕಂಡೀತೆಂದು ನಾಲ್ಕೂ ದಿಕ್ಕಿಗೆ ಎರಚಿದ. ನಂಬಿಕೆ ಬರಲೆಂದು ಮೀಸೆಗೆ ಬದನೆಕಾಯಿಯ ಎಣ್ಣೆ ಒರೆಸಿಕೊಂಡು ಬಂದ. ಆ ಎಣ್ಣೆಯ ವಾಸನೆಗೆ ಅವನಿಗೆ ತಲೆ ತಿರುಗಿತು.

"ಆಗ್ಲೇ ಮುಗೀತೇನು? ನೋಡ್ ಹಜರಾಬಿ, ಹೆಂಗ ಹಸದಿದ್ರು ಪಾಪ!" ಎಂದು ಕಸ್ತೂರೆವ್ವ ಇಮ್ಮಡಿ ಬಡಿಸಿದಳು. ಅದೂ ಜೋಳದ ಪಾಲಾಯಿತು. ಮೂರನೆಯ ಸಲ ಶೇಂಗಾ ಹೋಳಿಗೆಯನ್ನು ಒಗೆಯುವಾಗ ಮಾತ್ರ ಅವನ ಕಣ್ಣಲ್ಲಿ ನೀರು ಬಂತು.

ಸಂಜೆ ಪ್ರಾರ್ಥನೆಗೆ ಅವನು ಗೋಡೆ ಹಿಡಿದುಕೊಂಡೇ ಬಂದ. ಆದರೂ ಮುಂದಿನ ಸಾಲಿನಲ್ಲೇ ಕೂತ.

"ಸಮಾಧಾನಪ್ಪನವರ, ಗುರಿ ಮುಟ್ಟಿದ್ರೇನು?" ಎಂದರು ಪಾಸ್ಟರು.

"ಮುಟ್ಟಿದೆನ್ರಿ. ಒಂದು ಅಗುಳು ಒಳಗ ಹೋಗಿಲ್ಲ. ಒಬ್ಬರಿಗೂ ಗೊತ್ತಾಗಿಲ್ಲ."

"ಸ್ತೋತ್ರ!" ಎಂದಿತು ಸಭೆ. ಪಾಸ್ಟರು ಹಿರಿಯರ ಹೆಸರು ಹೇಳಲು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಕಸ್ತೂರೆವ್ವ, ತಲೆಯ ಮೇಲೆ ಬುಟ್ಟಿ. ಹಿಂದೆ ಗುರುಲಿಂಗಪ್ಪ.

"ನಡುವ ಬಂದೆವ್ರಿ, ತಪ್ಪು ತಿಳೀಬ್ಯಾಡ್ರಿ. ಸಮಾಧಾನಣ್ಣ ಮೂರು ಸಲ ಹಾಕಿಸ್ಕೊಂಡು ಉಂಡ್ರು. ನಿಮ್ಮ ಮಂದಿಗೆ ಇಷ್ಟು ರುಚಿ ಹತ್ತೈತಿ ಅಂದ್ರ ಎಲ್ಲಾರಿಗೂ ಆಗಲಿ ಅಂತ ತಂದೇನಿ" ಎಂದಳು ಕಸ್ತೂರೆವ್ವ.

ಪಾಸ್ಟರು ಸಮಾಧಾನಪ್ಪನ ಕಡೆ ತಿರುಗಿದರು.

"ಉಂಡ್ರೋ ಇಲ್ಲೋ ನನಗs ಸಂಶೆ ಐತಿ" ಎಂದು ಗುರುಲಿಂಗಪ್ಪ ಮೀಸೆಯಡಿ ನಕ್ಕ. "ಬದುವಿನ ಕಡೆ ಜೋಳದ ತುಂಬ ರೊಟ್ಟಿ, ಹೋಳಿಗಿ ಬಿದ್ದಾವು. ನಾ ಚೆಲ್ಲಿದ್ದು ಬರೇ ಅನ್ನ. ಸಮಾಧಾನಣ್ಣ, ನಮ್ಮ ಬೆಳಿ ಚಲೋ ಬರಲಿ ಅಂತ ಕದ್ದು ಚರಗ ಚೆಲ್ಲಿದವ್ರು ನೀವs ಏನ್ರಿ? ನಾಕೂ ದಿಕ್ಕಿಗೆ ಎಷ್ಟು ಭಕ್ತಿಲೆ ಚೆಲ್ಲೀರಿ!"

ಪಾಸ್ಟರ ಮುಖ ಕೆಂಪಾಯಿತು. "ಭೂಮಿಪೂಜಿ! ಚರಗ ಚೆಲ್ಲಿದವರನ್ನ ಸಭಾದಿಂದನs ತಗೀಬೇಕಾಗ್ತೈತಿ. ಖರೇ ಹೇಳ್ರಿ. ಉಂಡ್ರೋ, ಚೆಲ್ಲಿದ್ರೋ?"

ಉಂಡೆನೆಂದರೆ ಕುರ್ಚಿ ಹೋಯಿತು. ಚೆಲ್ಲಿದೆನೆಂದರೆ ಸಭೆಯೇ ಹೋಯಿತು. ಸಮಾಧಾನಪ್ಪ ಬೆನ್ನಿಗೆ ಹತ್ತಿದ ಹೊಟ್ಟೆ ಹಿಡಿದುಕೊಂಡು, "ಉಂಡೇನ್ರಿ" ಎಂದ. "ಹೊಟ್ಟಿ ಬಿರಿಯೂ ತನಕ ಉಂಡೇನಿ."

ಪಾಸ್ಟರು ನಿಟ್ಟುಸಿರು ಬಿಟ್ಟರು. "ಕುರ್ಚಿ ಮಾತು ಮುಂದಿನ ವರ್ಷ ನೋಡೋಣು. ಸುಳ್ಳು ಸಾಕ್ಷಿ ಹೇಳಿದ ಪಾಪಕ್ಕ ನಾಳಿ ಉಪವಾಸ ಮಾಡ್ರಿ. ಈ ಸಲ ಎಲ್ಲಾರಿಗೂ ಹೇಳಿ ಮಾಡ್ರಿ!" ಆಮೇಲೆ ಬುಟ್ಟಿಯ ಕಡೆ ಕಣ್ಣು ಹೊರಳಿಸಿ, "ಪ್ರಾರ್ಥನಾ ಮಾಡಿ ತಿಂದ್ರ ಎಲ್ಲಾ ಶುದ್ಧ" ಎಂದು, ಚುಟುಕಾಗಿ ಪ್ರಾರ್ಥಿಸಿ, ಮೊದಲ ಹೋಳಿಗೆ ತಾವೇ ಎತ್ತಿಕೊಂಡರು.

ಬುಟ್ಟಿ ಸಾಲಿನುದ್ದಕ್ಕೂ ಬಂತು. ಸಮಾಧಾನಪ್ಪ ಕೈ ಮುಂದೆ ಚಾಚಿದ. ಕಸ್ತೂರೆವ್ವ ಆ ಕೈಯನ್ನು ಅಕ್ಕರೆಯಿಂದ ಹಿಂದಕ್ಕೆ ಸರಿಸಿದಳು.

"ನಿಮಗ ಬ್ಯಾಡ್ರಿ ಅಣ್ಣಾ. ಅಷ್ಟು ಉಂಡ ಮ್ಯಾಲೆ ಮತ್ತ ತಿಂದ್ರ ಜೀವಕ್ಕ ಹೆಚ್ಚುಕಮ್ಮಿ ಆದೀತು."