ಅಮ್ಮ ಹೋದ್ರು

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಮಾತು. ಅದನ್ನಾಡಿದ್ದು ಕೆಮ್ಮಮ್ಮನ ತಂಗಿ, ಅದೂ ಒಲೆಯ ಮೇಲೆ ಹಾಲು ಉಕ್ಕುವ ಗಡಿಬಿಡಿಯಲ್ಲಿ.

ಕೆಮ್ಮಮ್ಮ ಎನ್ನುವುದು ಹುಟ್ಟಿನ ಹೆಸರಲ್ಲ. ಐವತ್ತೆರಡು ವರ್ಷ ನಾಟಕ, ಸಿನಿಮಾಗಳಲ್ಲಿ ಕೆಮ್ಮಿ ಕೆಮ್ಮಿ ಸತ್ತಿದ್ದಕ್ಕೆ ಜನ ಕೊಟ್ಟ ಬಿರುದು. ಅವಳಿಗೆ ಹತ್ತೊಂಬತ್ತಾಗಿದ್ದಾಗ, ನಾಟಕ ಕಂಪನಿಯ ಮುದುಕಿ ಪಾತ್ರದವಳಿಗೆ ಜ್ವರ ಬಂತೆಂದು ಇವಳ ತಲೆಗೆ ಬಿಳಿ ಪುಡಿ ಬಳಿದು ಮಂಚ ಹತ್ತಿಸಿದರು. ಮಗನ ಪಾತ್ರ ಮಾಡಿದವನಿಗೆ ಆಗ ನಲವತ್ತು! ಎಷ್ಟು ಚೆನ್ನಾಗಿ ಸತ್ತಳೆಂದರೆ, ಆಮೇಲೆ ಅವಳನ್ನು ಯಾರೂ ಬದುಕಲು ಬಿಡಲಿಲ್ಲ. ಸಿನಿಮಾಕ್ಕೆ ಬಂದ ಮೇಲೂ ಅದೇ ಮಂಚ, ಅದೇ ಕೆಮ್ಮು. ಒಂದೇ ಒಂದು ಚಿತ್ರದಲ್ಲೂ ಇಂಟರ್ವಲ್ ದಾಟಿ ಉಳಿದವಳಲ್ಲ.

ಈಗ ಎಪ್ಪತ್ತೊಂದನೇ ವಯಸ್ಸಿಗೆ, ಕೊನೆಯ ದೃಶ್ಯದವರೆಗೂ ಬದುಕುವ ಪಾತ್ರ ಸಿಕ್ಕಿತ್ತು. ಮಗನ ಕೈ ಹಿಡಿದು, ನಕ್ಕು, "ನಾನೆಲ್ಲಿಗೂ ಹೋಗಲ್ಲ ಕಣೋ" ಎನ್ನಬೇಕು. ವಾರದಿಂದ ಕನ್ನಡಿಯ ಮುಂದೆ ನಿಂತು ಅದನ್ನೇ ಹೇಳಿಕೊಳ್ಳುತ್ತಿದ್ದಳು. ನಗಲು ಹೋದರೆ ಕೆಮ್ಮು ಬರುತ್ತಿತ್ತು, ಪಾಪ.

ಶೂಟಿಂಗ್ ದಿನ ಒಂಬತ್ತಕ್ಕೆ ಕಾರು ಬರಬೇಕಿತ್ತು. ಅಷ್ಟು ಹೊತ್ತು ಕಾಯಲಾರದೆ ಏಳಕ್ಕೇ ಆಟೋ ಹತ್ತಿಬಿಟ್ಟಳು. ಫೋನು ದಿಂಬಿನ ಪಕ್ಕದಲ್ಲೇ ಉಳಿಯಿತು. ಎಂಟಕ್ಕೆ ಸಿನಿಮಾ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದಾಗ ಎತ್ತಿದವಳು ತಂಗಿ.

"ಅಮ್ಮ ಇದ್ದಾರಾ?"

"ಇಲ್ಲಪ್ಪ, ಅಕ್ಕ ಹೋದ್ಲು. ಏಳಕ್ಕೇ ಹೋಗ್ಬಿಟ್ಲು."

"ಅಯ್ಯೋ! ಹೇಗೆ?"

"ಹೇಗೆ ಅಂದ್ರೆ? ನಾನು ಕಾಫಿ ತರೋಷ್ಟರಲ್ಲಿ ಹೋಗೇಬಿಟ್ಟಿದ್ಲು. ರಾತ್ರಿಯೆಲ್ಲಾ ನಿದ್ದೆ ಇಲ್ಲ, ಬರೀ ಕೆಮ್ಮು."

"ಕಾರು ಕಳಿಸೋಣ ಅಂತಿದ್ವಿ..."

"ಇನ್ಯಾಕೆ ಕಾರು? ಹೋದೋಳು ಹೋದ್ಲು. ಇಡ್ತೀನಪ್ಪ, ಹಾಲು ಉಕ್ತಿದೆ."

ದುಃಖದಲ್ಲಿ ಹೀಗೇ ಏನೇನೋ ಮಾತಾಡುತ್ತಾರೆಂದು ಮ್ಯಾನೇಜರ್ ಕಣ್ಣೊರೆಸಿಕೊಂಡ. ಒಂಬತ್ತಕ್ಕೆಲ್ಲ ಸುದ್ದಿ ಟಿವಿಯಲ್ಲಿತ್ತು.

ಇತ್ತ ಆಟೋ ದಾರಿಯಲ್ಲಿ ಎರಡು ಸಲ ಕೆಟ್ಟಿತು, ಅದೂ ಕೆಮ್ಮಿ ಕೆಮ್ಮಿಯೇ. ಕೊನೆಯ ಎರಡು ಮೈಲಿ ನಡೆದು, ಹನ್ನೊಂದಕ್ಕೆ ಸ್ಟುಡಿಯೋ ತಲುಪಿದರೆ ಗೇಟಿನಲ್ಲಿ ಕಾವಲುಗಾರನೂ ಇಲ್ಲ. ಒಳಗೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ಅವಳೂ ಹಿಂದೆ ನಿಂತು ತಲೆ ತಗ್ಗಿಸಿದಳು. ಗ್ಲಿಸರಿನ್ ಇಲ್ಲದೆ ಎರಡು ಹನಿಯೂ ಹಾಕಿದಳು.

"ಯಾರಪ್ಪ?" ಎಂದು ಮುಂದಿದ್ದ ಲೈಟಿನವನನ್ನು ಮೆಲ್ಲಗೆ ಕೇಳಿದಳು.

"ಕೆಮ್ಮಮ್ಮ. ಬೆಳಿಗ್ಗೆ ಏಳಕ್ಕೆ ಹೋದ್ರಂತೆ."

"ಹೌದಪ್ಪ, ಏಳಕ್ಕೇ ಹೊರಟೆ. ಆಟೋ ಕೈಕೊಡ್ತು."

ಲೈಟಿನವನು ತಿರುಗಿ ನೋಡಿದವನೇ ನೆಲದ ಮೇಲೆ ಕೂತುಬಿಟ್ಟ.

ಗಲಾಟೆಯೆಲ್ಲ ಇಳಿದ ಮೇಲೆ ನಿರ್ದೇಶಕ ತಲೆ ಕೆರೆದುಕೊಳ್ಳುತ್ತಾ ಬಂದ. "ನೀವು ಬದುಕಿರೋದು ನಮಗೆಲ್ಲ ತುಂಬಾ ಸಂತೋಷ ಅಮ್ಮ. ಆದ್ರೆ..."

"ಆದ್ರೆ?"

"ಕತೆ ಬದಲಾಯಿಸಿಬಿಟ್ವಿ. ತಾಯಿ ಮೊದಲೇ ತೀರ್ಕೊಂಡಿರ್ತಾಳೆ. ಪ್ರೊಡ್ಯೂಸರ್ ಕೇಳಿ ಅತ್ತೇಬಿಟ್ರು."

"ಕೊನೆ ಸೀನ್‌ವರೆಗೂ ಇರ್ತೀರಿ ಅಂದಿದ್ದೆಯಲ್ಲಪ್ಪ?"

"ಇದ್ದೇ ಇರ್ತೀರಿ! ಮೊದಲ ಸೀನಿಂದ ಕೊನೇವರೆಗೂ. ಗೋಡೆ ಮೇಲೆ, ಫೋಟೋದಲ್ಲಿ."

"ಮತ್ತೆ ನನ್ನ ಮಾತು?"

"ಅದನ್ನ ಮಗ ಹೇಳ್ತಾನೆ. ಫೋಟೋ ಮುಂದೆ ನಿಂತು, 'ಅಮ್ಮಾ, ನೀನೆಲ್ಲಿಗೂ ಹೋಗಿಲ್ಲ' ಅಂತ."

ಹಳೆಯ ಫೋಟೋಗಳನ್ನು ಹುಡುಕಿದರೆ ಎಲ್ಲದರಲ್ಲೂ ಬಾಯಿಗೆ ಕೈ ಅಡ್ಡ ಇಟ್ಟು ಕೆಮ್ಮುತ್ತಿದ್ದಾಳೆ. ಹೊಸದೊಂದು ತೆಗೆಯಲೇಬೇಕಾಯಿತು. "ಸ್ವಲ್ಪ ನಗಿ ಅಮ್ಮ" ಎಂದ ಕ್ಯಾಮರಾದವನು. ವಾರವಿಡೀ ಬಾರದ ನಗು ಈಗ ಬಂತು. ಬಂದದ್ದು ನಿಲ್ಲಲೇ ಇಲ್ಲ, ಕಣ್ಣೀರು ಬರುವ ತನಕ ನಕ್ಕಳು. ಮುಖ ಒರೆಸಿ ಇನ್ನೊಂದು ತೆಗೆದರು.

"ನಾನು ಬದುಕಿದೀನಿ ಅಂತ ಟಿವಿಯವರಿಗಾದ್ರೂ ಹೇಳ್ರಪ್ಪ" ಎಂದು ಕೈಮುಗಿದು ಅವಳು ಮನೆಗೆ ಹೊರಟಳು.

ಮ್ಯಾನೇಜರ್ ಹೇಳಿ ಕಳಿಸಿದ. ಟಿವಿಯವನು ಓಡೋಡಿ ಬಂದು ಗೇಟಿನಲ್ಲಿ ಕಾವಲುಗಾರನನ್ನು ಹಿಡಿದ. "ಕೆಮ್ಮಮ್ಮ ಇದ್ದಾರಂತಲ್ಲ, ನಿಜಾನಾ?"

"ಇಲ್ವಲ್ಲ ಸಾರ್. ಅಮ್ಮ ಹೋದ್ರು."

"ಖಂಡಿತಾನಾ?"

"ನನ್ನ ಕಣ್ಣೆದುರೇ ಹೋದ್ರು" ಎಂದ ಕಾವಲುಗಾರ. ಟಿವಿಯವನು ಅದನ್ನು ಬರೆದುಕೊಂಡ.