ನಲವತ್ತು ಬದನೆ ಸಸಿಗಳ ಸಾವು

ತಿಳಿಯದ್ದನ್ನು ತಿಳಿಯದು ಎನ್ನುವ ಧೈರ್ಯ ಎಲ್ಲರಿಗೂ ಇರುತ್ತದೆ, ಶಿಕ್ಷಕರನ್ನು ಬಿಟ್ಟು. ನಾನು ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ಬೆಳೆದವನು. ನಮ್ಮ ಓಣಿಯಲ್ಲಿ ಹಸಿರಾಗಿದ್ದುದು ಗಟಾರದ ಪಾಚಿಯೊಂದೇ. ಹಾಗಿದ್ದೂ ಹೋದ ವರ್ಷ ಕೊಲ್ಹಾಪುರದ ತರಬೇತಿಯಲ್ಲಿ, ಕೈತೋಟದಿಂದಲೇ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆ ಎಲ್ಲವನ್ನೂ ಕಲಿಸಬಹುದು ಎಂದು ತರಬೇತುದಾರರು ಹೇಳಿದಾಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದೆ. ತಲೆಯಾಡಿಸಿದವರಿಗೇ ಕೆಲಸ ಅಂಟಿಕೊಳ್ಳುತ್ತದೆ.

ಗಡಿಯಾಚೆ, ಮಹಾರಾಷ್ಟ್ರದ ಗಡಹಿಂಗ್ಲಜ ಹತ್ತಿರದ ನಮ್ಮ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆಗೆ, ಅಂದರೆ ಮೂರನೇ ತರಗತಿಗೆ, ಉಳಿದಿರುವುದು ಹನ್ನೊಂದೇ ಮಕ್ಕಳು. ಅವರಲ್ಲೊಬ್ಬಳು ಕುರಿ ಸಾಕುತ್ತ ಅಷ್ಟಿಷ್ಟು ಹೊಲವನ್ನೂ ಮಾಡುವವರ ಮನೆಯ ಮಾಯವ್ವ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹಲಗೆಯ ಮೇಲಿದ್ದುದನ್ನು ನಕಲು ಮಾಡುವಳೇ ಹೊರತು ಸ್ವಂತದ್ದೊಂದು ವಾಕ್ಯ ಬರೆದವಳಲ್ಲ. ತೋಟಕ್ಕಿಳಿದ ದಿನ ನೋಡಿದರೆ ಬೇರೆಯೇ ಹುಡುಗಿ. ನಾನು ಅಳತೆಪಟ್ಟಿ ಹುಡುಕುವಷ್ಟರಲ್ಲಿ ಗೇಣು ಹಾಕಿ ಐದು ಸಾಲು ಗುರುತಿಸಿ, "ಸಾಲಿಗೆ ಎಂಟು. ನಲವತ್ತು ಸಸಿ ಸಾಕ್ರಿ ಸರ್" ಎಂದಳು. ಎಂಟರ ಮಗ್ಗಿಯಲ್ಲಿ ವರ್ಷವೆಲ್ಲ ಎಡವಿದವಳು ಅವಳೇ.

ಬದನೆ ಸಸಿಗಳು ಎರಡು ವಾರ ಚೆನ್ನಾಗಿದ್ದವು. ಚೆನ್ನಾಗಿರುವುದನ್ನು ಅದರ ಪಾಡಿಗೆ ಬಿಡುವುದು ನನ್ನ ಜಾಯಮಾನದಲ್ಲಿಲ್ಲ. ಶನಿವಾರ ಯೂರಿಯಾ ತಂದು, ಸಸ್ಯಗಳ ಆಹಾರದ ಪಾಠ ಹೇಳುತ್ತ, ಒಂದೊಂದು ಬುಡಕ್ಕೂ ಒಂದೊಂದು ಹಿಡಿ ಹಾಕುತ್ತ ಹೋದೆ.

"ಸರ್, ಭಾಳ ಆತ್ರಿ. ನಮ್ಮಪ್ಪ ಚಿಟಿಕಿ ಅಷ್ಟ ಹಾಕ್ತಾನ್ರಿ," ಎಂದಳು ಮಾಯವ್ವ.

"ಪಾಠ ನಡದಾಗ ನಡುವ ಮಾತಾಡಬಾರದವ್ವಾ," ಎಂದೆ. ಅವಳು ಯಾವಾಗ ಮಾತಾಡುತ್ತಾಳೋ ಎಂದು ಜೂನ್‌ನಿಂದ ಕಾದಿದ್ದವನು ನಾನೇ.

ಸೋಮವಾರ ಬಂದು ನೋಡಿದರೆ ಎಲೆಗಳು ಸುಟ್ಟಂತೆ ಮುರುಟಿ, ಸಸಿಗಳೆಲ್ಲ ನೆಲಕ್ಕೆ ಮಲಗಿದ್ದವು. ಮಕ್ಕಳು ಸಾವಿನ ಮನೆಗೆ ಬಂದವರಂತೆ ಸುತ್ತ ನಿಂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಮಾಯವ್ವ ಮಾತ್ರ ಬಗ್ಗಿ ಒಂದೊಂದೇ ಕಾಂಡ ಮುಟ್ಟಿ ನೋಡಿ, ಮುಗಿಯಿತೆಂದು ಗೊತ್ತಿದ್ದೂ ಎಲ್ಲಕ್ಕೂ ನೀರು ಹಾಕಿದಳು. ಆ ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ಹಾಗೆಯೇ ಮನೆಗೆ ಮರಳಿತು.

ತೋಟದ ವಹಿ ಎಂಬ ನೋಟುಪುಸ್ತಕದಲ್ಲಿ ಮಕ್ಕಳು ಕಂಡದ್ದನ್ನು ಬರೆಯಬೇಕು, ತಪಾಸಣೆಗೆ ಬರುವ ಸಾಹೇಬರು ಅದನ್ನು ಓದಬೇಕು ಎಂಬುದು ನಿಯಮ. ಮಾಯವ್ವ ಯಾರದನ್ನೂ ನೋಡದೆ ಬರೆದಿದ್ದಳು: "ನಮ್ಮ ಸರ್ ಬದನೆ ಸಸಿಗಳನ್ನು ಕೊಂದರು." ಒಂದಕ್ಷರವೂ ತಪ್ಪಿರಲಿಲ್ಲ.

ನಾನು ಮೆಲ್ಲಗೆ, "ಸಸಿಗಳು ಸತ್ತವು ಅಂತ ಬರಿಯವ್ವಾ. ಛಂದ ಕಾಣತೈತಿ," ಎಂದೆ.

"ತಾವಾಗೇ ಸತ್ತಿಲ್ಲಲ್ರಿ ಸರ್," ಎಂದಳು.

ವಾಕ್ಯದಲ್ಲಿ ಕೆಲಸ ಮಾಡಿದವರು ಯಾರೆಂದು ಹುಡುಕುವ ವ್ಯಾಕರಣವನ್ನು ಹದಿನೆಂಟು ವರ್ಷ ಕಲಿಸಿದ್ದೇನೆ. ಅದು ಇಷ್ಟು ಚೆನ್ನಾಗಿ ಯಾರ ತಲೆಗೂ ಹತ್ತಿರಲಿಲ್ಲ. ಕೆಂಪು ಪೆನ್ನಿನಿಂದ 'ಸರಿ' ಗುರುತು ಹಾಕಿ ಸಹಿ ಮಾಡಿದೆ.

ಸಾಹೇಬರು ಇನ್ನೂ ಬಂದಿಲ್ಲ. ಬಂದರೆ ಓದಲಿ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ವಹಿಯನ್ನು ಕಪಾಟಿನ ತಳದಲ್ಲಿ, ಹಳೇ ನಕಾಶೆಗಳ ಕೆಳಗಿಟ್ಟಿದ್ದೇನೆ.