ಅರ್ಧ ರೊಟ್ಟಿಯ ಲೆಕ್ಕ

ಆ ಭಾನುವಾರ ಮಧ್ಯಾಹ್ನ ನಾನು ಎಷ್ಟು ರೊಟ್ಟಿ ತಿಂದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಎರಡು ಎಂದು ನನ್ನ ನೆನಪು ಹೇಳುತ್ತದೆ. ನಾಲ್ಕು ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಬಡಿಸಿದವಳು ಅವ್ವ, ಅವಳನ್ನೇ ಕೇಳಿದರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಮನೆಯಲ್ಲಿ ಉಂಡದ್ದನ್ನು ಎಣಿಸುವ ಪದ್ಧತಿ ಇಲ್ಲ. ದನ ಎಣಿಸಬಹುದು, ಮೆಕ್ಕೆಜೋಳದ ಚೀಲ ಎಣಿಸಬಹುದು, ಬಸ್ಸಿನಲ್ಲಿ ಕೂತವರ ತಲೆಗಳನ್ನು ಕಂಡಕ್ಟರ್ ಎಣಿಸಬಹುದು. ತಟ್ಟೆಗೆ ಬಿದ್ದ ರೊಟ್ಟಿಯನ್ನು ಮಾತ್ರ ಎಣಿಸಬಾರದು. ಎಣಿಸಿದರೆ ಉಣ್ಣುವವನಿಗೆ ಕೇಡು ಎಂದು ಅವ್ವ ಬಲವಾಗಿ ನಂಬಿದ್ದಾಳೆ. ಹೀಗಾಗಿ ಈ ಬರಹದ ಮುಖ್ಯ ಸಂಗತಿಗೇ ಸಾಕ್ಷಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ನಾನು ಹುಟ್ಟಾ ಅನುಮಾನದವನಲ್ಲ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಹೀಗಾದೆ. ಕಂಡದ್ದೆಲ್ಲ ಇದ್ದದ್ದಲ್ಲ, ನೆನಪಿರುವುದೆಲ್ಲ ನಡೆದದ್ದಲ್ಲ ಎಂದು ಅಲ್ಲಿ ಎರಡು ವರ್ಷ ಹೇಳಿಸಿಕೊಂಡು, ಈಗ ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಅದನ್ನೇ ತರ್ಕಶಾಸ್ತ್ರದ ಹೆಸರಿನಲ್ಲಿ ಹುಡುಗರಿಗೆ ಹೇಳುತ್ತೇನೆ. ಅವರು ನಂಬುವುದಿಲ್ಲ, ಪಾಠ ಅವರಿಗೆ ಹತ್ತಿದೆ ಎಂಬುದಕ್ಕೆ ಅದೇ ಗುರುತು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಮನೆಗೆ ಕೀಲಿ ಹಾಕಿ ಓಣಿಯ ತುದಿಯವರೆಗೆ ಹೋದವನು ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಕೀಲಿಯನ್ನು ಎಳೆದು ನೋಡಿದ ಮೇಲೂ, ಎಳೆದದ್ದು ಇವತ್ತೋ ನಿನ್ನೆಯೋ ಎಂಬ ಶಂಕೆ ಉಳಿಯುತ್ತದೆ. "ನಿಮ್ಮ ಕೈಲಿ ನೀವು ಹಾಕಿದ ಕೀಲಿನೇ ನಂಬಂಗಿಲ್ಲ, ಇನ್ನ ನನ್ನ ಮಾತು ನಂಬ್ತೀರೇನ್ರಿ?" ಎನ್ನುತ್ತಾಳೆ ಗಿರಿಜಾ.

ತೊಂಬತ್ತೆಂಟನೆಯ ಇಸವಿಯೋ ತೊಂಬತ್ತೊಂಬತ್ತೋ ಇರಬೇಕು. ಮನೆಗೆ ಫೋನು ಬಂದ ವರ್ಷ ಎಂದು ಗಿರಿಜಾಳ ಲೆಕ್ಕ. ಕಾಲೇಜಿನ ಮೆಟ್ಟಿಲು ಹತ್ತಿದರೆ ಪಾಠ ಶುರು ಮಾಡುವ ಮೊದಲು ಹಾಜರಿ ಕರೆಯುವ ನೆಪದಲ್ಲಿ ಏದುಸಿರು ಆರಿಸಿಕೊಳ್ಳಬೇಕಾಗುತ್ತಿತ್ತು. ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ತೂಕ ನೋಡಿದರು, ಬಿ.ಪಿ. ನೋಡಿದರು, ಆಮೇಲೆ ನನ್ನನ್ನು ನೋಡಿದರು. "ತಂದೆಯವರು ಇದ್ದಾರೇನ್ರಿ?" ಎಂದರು. ಇಲ್ಲ, ಐವತ್ತು ತುಂಬುವ ಮೊದಲೇ ಹೋದರು, ಹೃದಯಾಘಾತ, ದಪ್ಪ ಇದ್ದರು, ಚೆನ್ನಾಗಿ ಉಣ್ಣುತ್ತಿದ್ದರು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. "ಮತ್ತೆ ಅದೇ ದಾರಿ ಹಿಡಿದಿದ್ದೀರಲ್ಲ" ಎಂದರು ಡಾಕ್ಟರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಐವತ್ತರಿಂದ ನನ್ನ ವಯಸ್ಸು ಕಳೆದು ನೋಡಿದೆ. ಉಳಿದ ಸಂಖ್ಯೆ ಸಣ್ಣದಿತ್ತು.

ಡಾಕ್ಟರು ಹೇಳಿದ್ದು ಸರಳವಾಗಿತ್ತು: ಮಧ್ಯಾಹ್ನ ಎರಡು ರೊಟ್ಟಿ, ಒಂದು ಬಟ್ಟಲು ಪಲ್ಯ, ಒಂದು ಹಿಡಿ ಅನ್ನ. ಕೇಳುವಾಗ ಅದರಲ್ಲಿ ಯಾವ ತೊಡಕೂ ಕಾಣಲಿಲ್ಲ. ಮನೆಗೆ ಬಂದ ಮೇಲೆ ಒಂದೊಂದು ಪದವೂ ಎದ್ದು ನಿಂತು ಅರ್ಥ ಕೇಳತೊಡಗಿತು. ಹಿಡಿ ಎಂದರೆ ಯಾರ ಹಿಡಿ? ಅವ್ವನ ಹಿಡಿಯಲ್ಲಿ ಒಂದು ಗುಬ್ಬಿಗೆ ಸಾಲುವಷ್ಟು ಅನ್ನ ಹಿಡಿಯುತ್ತದೆ, ನನ್ನ ಹಿಡಿಯಲ್ಲಿ ಗುಬ್ಬಿಯೇ ಹಿಡಿಯುತ್ತದೆ. ಬಟ್ಟಲು ಎಂದರೆ ಯಾವುದು? ನಮ್ಮ ಮನೆಯಲ್ಲಿ ಪಲ್ಯಕ್ಕೆ ಬಟ್ಟಲೇ ಇಲ್ಲ. ಪುಂಡಿಪಲ್ಯವನ್ನು ರೊಟ್ಟಿಯ ಮೇಲೆ ಗುಡ್ಡೆ ಹಾಕಿ, ಗುಡ್ಡೆಯ ತಲೆಯಲ್ಲಿ ಕುಳಿ ಮಾಡಿ, ಕುಳಿಗೆ ಎಣ್ಣೆ ಬಿಡುತ್ತಾರೆ. ಇನ್ನು ರೊಟ್ಟಿ. ಡಾಕ್ಟರು ಯಾವ ಕಡೆಯವರೋ, ಅವರ ಕಣ್ಣ ಮುಂದೆ ಬಂದ ರೊಟ್ಟಿ ಎಷ್ಟು ಅಗಲವಿತ್ತೋ. ಅವ್ವ ಬಡಿಯುವ ಜೋಳದ ರೊಟ್ಟಿ ಹಂಚನ್ನು ಪೂರ್ತಿ ಮುಚ್ಚಿ ಅಂಚಿನಿಂದ ಆಚೆಗೆ ಇಣುಕುತ್ತಿತ್ತು. ಡಾಕ್ಟರು ಎರಡೇ ಎಂದಿದ್ದಾರೆ ಎಂದು ಹೇಳಿದ ಮೇಲೆ ಅದು ಇನ್ನೂ ಸ್ವಲ್ಪ ಅಗಲವಾಯಿತು ಎಂದು ನನ್ನ ಸಂಶಯ. ರೊಟ್ಟಿ ದೊಡ್ಡದಾಯಿತೋ, ಹಸಿದವನ ಕಣ್ಣು ದೊಡ್ಡದಾಯಿತೋ, ಈಗ ಹೇಳಲಾರೆ. ಗಿರಿಜಾಳನ್ನು ಕೇಳಿದರೆ, "ಎರಡ ಅಂದಾರ, ಎಷ್ಟು ಅಗಲ ಅಂತ ಹೇಳಿಲ್ಲಲ್ಲ" ಎಂದು ಅತ್ತೆಯ ಪರವಾಗಿ ವಾದಿಸಿದಳು. ಬೇರೆ ವಿಷಯಗಳಲ್ಲಿ ಅವರಿಬ್ಬರೂ ಇಷ್ಟು ಒಗ್ಗಟ್ಟಾಗಿದ್ದುದನ್ನು ನಾನು ಕಂಡಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಅರ್ಧ ರೊಟ್ಟಿಯದು. ನಮ್ಮ ಕಡೆ ಮೊದಲ ಸಲ ರೊಟ್ಟಿಯನ್ನು ಇಡಿಯಾಗಿ ಹಾಕುತ್ತಾರೆ. ಅದಾದ ಮೇಲೆ ಬರುವುದೆಲ್ಲ ಅರ್ಧ. ಬಡಿಸುವವರು ಒಂದು ರೊಟ್ಟಿ ಹಿಡಿದು ಬರುತ್ತಾರೆ, ನೀವು ಬೇಡ ಎನ್ನುತ್ತೀರಿ, ಅವರು ನಿಮ್ಮ ಮಾತಿಗೆ ಬೆಲೆ ಕೊಟ್ಟು ಅದನ್ನು ಮುರಿದು ಅರ್ಧ ಹಾಕುತ್ತಾರೆ. ನೀವು ಬೇಡ ಎಂದಿದ್ದೀರಿ, ಅವರು ಕೇಳಿದ್ದಾರೆ. ಇಬ್ಬರ ಮಾನವೂ ಉಳಿಯಿತು. ಸ್ವಲ್ಪ ಹೊತ್ತಿಗೆ, ಬುಟ್ಟಿಯಲ್ಲಿ ಒಂಟಿಯಾಗಿ ಉಳಿದ ಇನ್ನರ್ಧ ಬರುತ್ತದೆ. ಮುರಿದದ್ದನ್ನು ಹಾಗೇ ಬಿಡಬಾರದಂತೆ. ಅದೂ ಅರ್ಧವೇ ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ. ಎರಡು ಅರ್ಧ ಸೇರಿದರೆ ಒಂದು ಎಂದು ಲೋಕದಲ್ಲೆಲ್ಲ ಒಪ್ಪುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಎರಡು ಅರ್ಧ ಸೇರಿದರೂ ಅರ್ಧವೇ.

ಕಾಲೇಜಿನಲ್ಲಾದರೂ ಅಳತೆಯಲ್ಲಿರೋಣ ಎಂದರೆ ಅಲ್ಲಿ ಭೌತಶಾಸ್ತ್ರದ ಕೊಟ್ರೇಶಪ್ಪನವರಿದ್ದರು. ನನ್ನ ಡಬ್ಬಿಯೊಳಗೆ ಇಣುಕಿ, "ಏನ್ ಸರ, ಸನ್ಯಾಸ ತಗಂಡ್ರೇನು?" ಎಂದು ಸಂಜೆ ನಾಲ್ಕಕ್ಕೆ ಒಗ್ಗರಣೆ ಮಂಡಕ್ಕಿ ತರಿಸುತ್ತಿದ್ದರು. ಬೇಡವೆಂದರೆ, "ಮಂಡಕ್ಕಿ ಅಂದ್ರ ಬರೇ ಗಾಳಿ ರೀ. ಗಾಳಿಗೆ ಎಲ್ಲಿ ತೂಕ ಐತಿ? ತಿನ್ರಿ" ಎನ್ನುತ್ತಿದ್ದರು. ಗಾಳಿಗೆ ತೂಕವಿದೆ ಎಂಬುದನ್ನು ಪ್ರಯೋಗಸಹಿತ ತೋರಿಸುವುದು ಅವರದೇ ಪಾಠವಾಗಿತ್ತು. ನಾನು ಅದನ್ನು ನೆನಪಿಸಲಿಲ್ಲ. ಮಂಡಕ್ಕಿಯ ಜೊತೆ ಬರುತ್ತಿದ್ದ ಮೆಣಸಿನಕಾಯಿ ಬಜ್ಜಿಯ ಬಗ್ಗೆ ನಾವಿಬ್ಬರೂ ಯಾವ ಸಿದ್ಧಾಂತವನ್ನೂ ಮಂಡಿಸದೆ ತಿಂದೆವು.

ಇಂಥ ಪರಿಸ್ಥಿತಿಯಲ್ಲಿ ನಾನೊಂದು ಉಪಾಯ ಮಾಡಿದೆ. ಅವ್ವನಿಗೆ ಗೊತ್ತಾಗದಂತೆ ಎಣಿಸುವುದು. ಚಟ್ನಿಯ ಪಕ್ಕ ಹಾಕುತ್ತಿದ್ದ ಹುರಿದ ಶೇಂಗಾದಲ್ಲಿ ಒಂದು ಕಾಳನ್ನು, ಪ್ರತಿ ಅರ್ಧ ರೊಟ್ಟಿಗೆ ಒಂದರಂತೆ, ತಟ್ಟೆಯ ಅಂಚಿಗೆ ಸರಿಸಿಡುವುದು. ಎರಡು ಮೂರು ದಿನ ನಡೆಯಿತು. ನಾನು ಮೇಲೆ ಹೇಳಿದ ಭಾನುವಾರ, ಕಾಳುಗಳು ಸಾಲಾಗಿ ಕೂತಿದ್ದಾಗ ಅವ್ವ ಬುಟ್ಟಿ ಹಿಡಿದು ಬಂದಳು. "ಯಾಕಲೇ ಕಾಳು ಬ್ಯಾರೆ ಇಟ್ಟಿ? ಕಮಟು ಅದಾವೇನು?" ಎಂದು ಒಂದನ್ನು ಬಾಯಿಗೆ ಹಾಕಿಕೊಂಡು ನೋಡಿದಳು. "ಚಲೋ ಅದಾವಲ್ಲ, ತಿನ್ನು" ಎಂದು ಉಳಿದವನ್ನು ಚಟ್ನಿಯ ಮೇಲೆ ಸುರಿದಳು. ಎದುರಿಗೆ ನಿಂತವಳ ಮುಂದೆ ಬೇರೇನು ಮಾಡಲಿ? ನನ್ನ ಲೆಕ್ಕವನ್ನು ನಾನೇ ಅಗಿದು ನುಂಗಿದೆ.

ಅಷ್ಟರಲ್ಲಿ ಇನ್ನೊಂದು ಅರ್ಧ ರೊಟ್ಟಿ ತಟ್ಟೆಯ ಮೇಲೆ ಬಂತು. ನಾನು ಎರಡೂ ಅಂಗೈ ಅಡ್ಡ ಹಿಡಿದೆ. ಬಿಸಿ ರೊಟ್ಟಿ ಕೈಯ ಮೇಲೆ ಬಿತ್ತು. ಆಮೇಲೆ ನಾನು ಕೈ ಕೊಡವಿದೆ ಎಂದು ನನ್ನ ನೆನಪು. ತಟ್ಟೆಯನ್ನೇ ನೂಕಿದಿರಿ ಎಂದು ಗಿರಿಜಾ. ರೊಟ್ಟಿ ನೆಲಕ್ಕೆ ಬಿದ್ದದ್ದರ ಬಗ್ಗೆ ಭಿನ್ನಾಭಿಪ್ರಾಯವಿಲ್ಲ.

"ಸಾಕು ಅಂದ್ರ ಸಾಕು ಅವ್ವ! ನಾ ಸಾಯ್ಲೇನು ಉಂಡು ಉಂಡು?" ಎಂದೆ.

ಅವ್ವ ಬಾಗಿ ರೊಟ್ಟಿ ಎತ್ತಿಕೊಂಡಳು. "ಉಂಡು ಯಾರ್ ಸತ್ತಾರಲೇ?" ಎಂದಳು.

"ಅಪ್ಪ."

ಇದನ್ನು ಹೇಳಬಾರದಿತ್ತು ಎಂದು ಹೇಳುವಾಗಲೇ ಅನ್ನಿಸಿತ್ತು. ಅವ್ವ ಗೋಡೆಗೆ ಒರಗಿ ಕೂತಳು. ಆಗ ಅವಳು ಅಂದದ್ದನ್ನು ನನಗೆ ನೆನಪಿರುವಷ್ಟು ಹಾಗೇ ಬರೆಯುತ್ತೇನೆ. "ನಿಮ್ಮಪ್ಪ ಉಂಡು ಸತ್ತನೇನೋ? ನಾಕು ರೊಟ್ಟಿ ಉಣ್ಣಾತ ಮೂರಕ್ಕ ಬಂದ. ಆಮ್ಯಾಲೆ ಎರಡಕ್ಕ ಬಂದ. ಕಡೀಗೆ ಅರ್ಧ ಹಾಕಿದ್ರ ಅದನ್ನೂ ಮುರಿದು ನನ್ನ ಕಡೀಗೆ ಸರಿಸ್ತಿದ್ದ. ಹಿಂಗಽ, ನಿನ್ನಂಗಽ, ಕೈ ಅಡ್ಡ ಹಿಡೀತಿದ್ದ. ಬೆಳ್ಳಿ ಉಡದಾರ ಸೊಂಟದಾಗ ನಿಲ್ಲಲಾರದಂಗಾತು ಅಂತ ಎರಡು ಸಲ ಅಕ್ಕಸಾಲಿಗರ ಮನಿಗೆ ನಾನಽ ಒಯ್ದು ಕತ್ತರಿಸಿ ಬೆಸಿಗಿ ಹಾಕಿಸಿ ಸಣ್ಣದು ಮಾಡಿಸ್ಕಂಬಂದೀನಿ. ಈಗ ನೀ ಎರಡಕ್ಕ ಬಂದೀದಿ."

ಮಗನಾದವನು ಆಗ ಸುಮ್ಮನಿರಬೇಕು. ತರ್ಕಶಾಸ್ತ್ರದವನು ಸುಮ್ಮನಿರಲಿಲ್ಲ. "ಇಲ್ಲವ್ವ, ನಾ ರಜೆಗೆ ಬಂದಾಗ ನೋಡೀನಿ. ಅಪ್ಪ ದಪ್ಪ ಇದ್ದ. ನನ್ನ ಮುಂದ ಕೂತು ನಾಕು ರೊಟ್ಟಿ ಉಂಡಾನ" ಎಂದೆ. ಅವ್ವ, "ಆತು ಬಿಡಪ್ಪ. ನೀ ಓದಿದಾಂವ" ಎಂದು ಎದ್ದು ಒಳಗೆ ಹೋದಳು.

ಮರುದಿನದಿಂದ ಅವ್ವ ನನಗೆ ಬಡಿಸಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ಬುಟ್ಟಿಯನ್ನು ಗಿರಿಜಾಳ ಕಡೆ ಸರಿಸುತ್ತಿದ್ದಳು, ಒಳಕೋಣೆಗೆ ಹೋಗುತ್ತಿದ್ದಳು. ಗಿರಿಜಾ ಎರಡು ರೊಟ್ಟಿ ಹಾಕುತ್ತಿದ್ದಳು, ಅದೂ ಸಾಧಾರಣ ಅಗಲದವು. ಪಲ್ಯಕ್ಕೆ ಬಟ್ಟಲು ಬಂತು. ಸಾಕೇ ಎಂದು ಯಾರೂ ಕೇಳುತ್ತಿರಲಿಲ್ಲ, ಬೇಡ ಎನ್ನುವ ಪ್ರಸಂಗವೇ ಬರುತ್ತಿರಲಿಲ್ಲ. ಡಾಕ್ಟರು ಬಂದು ನೋಡಿದ್ದರೆ ಸಂತೋಷಪಡಬಹುದಾಗಿದ್ದ ಊಟ. ಬೇಡ ಎನ್ನುವುದು ಊಟದ ಎಷ್ಟು ದೊಡ್ಡ ಪಾಲು ಎಂದು ನನಗೆ ಆಗ ತಿಳಿಯಿತು. ಒಂದು ದಿನ ಗಿರಿಜಾ ತಟ್ಟೆ ಎತ್ತುತ್ತಾ, "ಅತ್ತಿ ಮಧ್ಯಾಹ್ನ ಉಣ್ಣಾದು ಬಿಟ್ಟಾರ. ಆಮ್ಯಾಲೆ ಉಣ್ತೀನಿ ಅಂತಾರ, ಉಣ್ಣಂಗಿಲ್ಲ. ನಿಮ್ಮ ತೂಕ ಇಳೀತೋ ಇಲ್ಲೋ ಗೊತ್ತಿಲ್ಲ, ಅವರದು ಇಳಿಯಾಕತ್ತೈತಿ" ಎಂದಳು.

ಇದಕ್ಕೆ ಪುರಾವೆ ಕೇಳುವ ಧೈರ್ಯ ನನಗಾಗಲಿಲ್ಲ. ಒಳಗೆ ಹೋಗಿ, "ಅವ್ವ, ಬಾ, ಉಣ್ಣೋಣು" ಎಂದೆ.

"ನೀ ಉಣ್ಣು. ನಿಂದು ಅಳತಿ ಊಟ. ನಾ ಕೈ ಹಚ್ಚಿದ್ರ ಕೆಡತೈತಿ."

"ನೀನೂ ಕೂಡ್ರು. ಒಂದು ರೊಟ್ಟಿ ಮುರಿ. ಅರ್ಧ ನೀ ತಗ, ಅರ್ಧ ನನಗ ಹಾಕು. ನೀ ಉಂಡಷ್ಟು ನಾ ಉಣ್ತೀನಿ. ನೀ ಬಿಟ್ಟಲ್ಲಿ ನಾ ಬಿಡ್ತೀನಿ."

ನಮ್ಮ ಮನೆಯಲ್ಲಿ ಅವ್ವ ಯಾವತ್ತೂ ಗಂಡಸರ ಜೊತೆ ಕೂತು ಉಂಡವಳಲ್ಲ. ಅವತ್ತು ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೂತಳು. ಆ ಒಪ್ಪಂದ ನನ್ನ ಬುದ್ಧಿವಂತಿಕೆ ಎಂದು ಬಹಳ ದಿನ ಹೆಮ್ಮೆಪಟ್ಟೆ. ಅರವತ್ತು ದಾಟಿದವಳು ಎಷ್ಟು ಉಂಡಾಳು? ಅವಳು ನಿಲ್ಲಿಸಿದಲ್ಲಿ ನಾನೂ ನಿಲ್ಲಿಸಬಹುದು. ಆದರೆ ಅವ್ವ ಇದರ ಇನ್ನೊಂದು ಬದಿಯನ್ನು ಎರಡನೆಯ ದಿನವೇ ಕಂಡುಕೊಂಡಳು. ನನಗೆ ಇನ್ನರ್ಧ ಹಾಕಬೇಕೆಂದರೆ ತಾನೂ ಇನ್ನರ್ಧ ತಿನ್ನಬೇಕು. ತಿಂದಳು. ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಯುದ್ಧಕ್ಕೆ ಹೊರಟವಳಂತೆ ಮತ್ತೊಂದು ಅರ್ಧಕ್ಕೆ ಕೈ ಹಾಕಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ತೂಕ ಸ್ವಲ್ಪ ಇಳಿಯಿತು. ಮಂಡಕ್ಕಿ ಬಿಟ್ಟಿದ್ದೂ ಕಾರಣವಿರಬಹುದು. ಅವ್ವನ ಕುಪ್ಪಸಗಳನ್ನೆಲ್ಲ ಗಿರಿಜಾ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಬೇಕಾಯಿತು. ಡಾಕ್ಟರು, "ಮಾತ್ರೆ ಸದ್ಯ ಬೇಡ, ಮಾಡುತ್ತಿರುವುದನ್ನೇ ಮುಂದುವರಿಸಿ" ಎಂದರು. ಏನು ಮಾಡುತ್ತಿದ್ದೇನೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಪ್ಪನ ವಿಷಯವನ್ನು ಅವ್ವನ ಮುಂದೆ ಮತ್ತೆ ಎತ್ತಲಿಲ್ಲ. ಆದರೆ ಅದು ಒಳಗೆ ಚುಚ್ಚುತ್ತಿತ್ತು. ಅಪ್ಪ ಹೋದಾಗ ನಾನು ಧಾರವಾಡದಲ್ಲಿದ್ದೆ, ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಏನಾಗಿತ್ತು ಎಂದು ಆಗ ಯಾರೂ ಸರಿಯಾಗಿ ಹೇಳಿರಲಿಲ್ಲ. ಹೃದಯಾಘಾತ ಎಂದು ತೀರ್ಮಾನಿಸಿದವನು ನಾನೇ. ಕೀಲಿಯನ್ನು ಎರಡೆರಡು ಸಲ ಎಳೆದು ನೋಡುವವನು ಇದನ್ನು ಒಮ್ಮೆಯೂ ಎಳೆದು ನೋಡಿರಲಿಲ್ಲ.

ಮುಂದಿನ ವರ್ಷ ಹಡಗಲಿಗೆ ಹೋಗಿದ್ದೆ. ಅಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ ಇದ್ದಾನೆ. ಮಲ್ಲಿಗೆ ತೋಟ ಮಾಡಿಕೊಂಡಿದ್ದಾನೆ. ಆಳು ಜೋಳದ ದಂಟಿನಂಥವನು. ಸ್ನಾನ ಮಾಡಿ ಬರಿಮೈಯಲ್ಲಿ ಬಂದು ಕೂತಾಗ ಅವನ ಸೊಂಟದಲ್ಲಿ ಬೆಳ್ಳಿಯ ಉಡದಾರ ಕಂಡಿತು. ನಾನು ನೋಡುತ್ತಿರುವುದನ್ನು ನೋಡಿ, "ಅಣ್ಣಂದು. ಅತ್ತಿಗಿ ಕೊಟ್ಟಿದ್ದು" ಎಂದ.

"ನೀ ಏನರ ಸಣ್ಣದು ಮಾಡಿಸ್ಕಂಡ್ಯಾ ಕಾಕಾ?"

"ನಾ ಯಾಕ ಮುಟ್ಟಲಿ? ಬಂದಂಗ ಹಾಕ್ಕಂಡೀನಿ. ಅಳತಿ ಸರಿ ಕುಂತತಿ ನೋಡು."

ಅಪ್ಪ ನನ್ನ ಮುಂದೆ ಚೆನ್ನಾಗಿ ಉಣ್ಣುತ್ತಿದ್ದನಲ್ಲ ಎಂದು ಕೇಳಿದೆ. ಕಾಕಾ ಟವೆಲಿನಿಂದ ಬೆನ್ನು ಒರೆಸಿಕೊಳ್ಳುತ್ತಾ, "ನೀ ಬಂದಾಗ ಉಣ್ತಿದ್ದ. ದೊಗಳಿ ಅಂಗಿ ಹಾಕ್ಕಂಡು ಕುಂದರತಿದ್ದ, ಹುಡುಗ ಹೆದರ್ಕೋತಾನ ಅಂತ. ನೀ ಬಸ್ ಹತ್ತಿದಿ ಅಂದ್ರ ಎರಡು ದಿನ ಮಲಗಿಬಿಡ್ತಿದ್ದ" ಎಂದ.

ಇದೂ ಒಬ್ಬರ ನೆನಪೇ. ಇಷ್ಟು ವರ್ಷಗಳ ನಂತರ ಕಾಕಾನೂ ತಪ್ಪಿರಬಹುದು. ನನ್ನ ನೆನಪಿನಲ್ಲಿ ದಪ್ಪ ಹೊಟ್ಟೆ ಹೊತ್ತು ಕೂತಿರುವ ಅಪ್ಪ ಎಲ್ಲಿಂದ ಬಂದನೋ, ಕನ್ನಡಿಯಿಂದಲೇ ಬಂದಿರಬೇಕು. ನಾನು ಉಡದಾರವನ್ನು ಬಿಚ್ಚಿಸಿಕೊಂಡು ಅಂಗಿ ಎತ್ತಿ ಸುತ್ತಿಕೊಂಡೆ. ಇಳಿದ ತೂಕವೆಲ್ಲ ಸೇರಿದರೂ ಎರಡು ತುದಿಗಳ ನಡುವೆ ಒಂದು ಗೇಣು ಉಳಿಯಿತು. ಕಾಕಾ ಬಿದ್ದು ಬಿದ್ದು ನಕ್ಕ. ಅದನ್ನು ಬೆಳಕಿಗೆ ಹಿಡಿದು ಎಳೆಯ ಉದ್ದಕ್ಕೂ ಬೆರಳಾಡಿಸಿದೆ. ಬೆಸುಗೆ ಎರಡು ಕಡೆ ಇದೆ.